ಚಿಪ್ಪು ಅಣಬೆ ಕೈ ಹಿಡಿಯಿತು, ಜೊತೆಗೆ ನಿಂತವರಿಗೆ ವಂದನೆ

ಪಿಯುಸಿ ಓದುತ್ತಿರುವ ನಮ್ಮೂರ ಹುಡುಗಿಯ ಚಿಪ್ಪು ಅಣಬೆ ಮೂರನೇ ಕೊಯ್ಲಿಗೂ ಬಂದಿದೆ. ಪುಸ್ತಕ, ಬಸ್ಸಿನ ಖರ್ಚನ್ನು ಈಗ ಅವಳೇ ನೋಡಿಕೊಳ್ಳುತ್ತಿದ್ದಾಳೆ. ನೆರವಾದವರಿಗೆಲ್ಲ ನಮ್ಮ ಬಳಗದ ಕೃತಜ್ಞತೆ. ಯಾರ ನೆರವು ಎಲ್ಲಿ ಕೆಲಸಕ್ಕೆ ಬಂತೆಂದು ಬಿಡಿಸಿ ಹೇಳುತ್ತೇವೆ, ಇನ್ನೊಬ್ಬ ವಿದ್ಯಾರ್ಥಿಗೆ ಹೆಗಲು ಕೊಡುವವರಿಗೂ ಉಪಯೋಗವಾದೀತು.

ಈ ಅಣಬೆ ಬೆಳೆಯುವುದು ಚೀಲಕ್ಕೆ ತುಂಬಿದ ಹುಲ್ಲಿನಲ್ಲಿ, ಹಾಗಾಗಿ ಮೊದಲ ನಮಸ್ಕಾರ ಹುಲ್ಲು ಕೊಟ್ಟ ರೈತರಿಗೆ. ಈ ವರ್ಷದ, ಮಳೆಗೆ ನೆನೆಯದ ಭತ್ತದ ಹುಲ್ಲನ್ನೇ ಆರಿಸಿ ಕೊಟ್ಟರು. ಬಣವೆಯ ಅಡಿಯ ಕಪ್ಪು ಹುಲ್ಲಿನಲ್ಲಿ ಮೊದಲೇ ಬೂಷ್ಟು ಕೂತಿರುತ್ತದೆ. ಸ್ನಾನದ ಹಂಡೆ ಬಿಟ್ಟುಕೊಟ್ಟ ಅಜ್ಜಿಯ ಋಣವೂ ದೊಡ್ಡದು. ಎರಡು ಇಂಚಿಗೆ ಕತ್ತರಿಸಿ ರಾತ್ರಿಯಿಡೀ ನೆನೆಸಿದ ಹುಲ್ಲು 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿರಬೇಕು. ಚಿಕ್ಕ ಪಾತ್ರೆಯಾದರೆ ಹುಲ್ಲು ಹಾಕಿದೊಡನೆ ನೀರು ತಣ್ಣಗಾಗಿಬಿಡುತ್ತದೆ.

ಆಮೇಲಿನ ಬಸಿಯುವ ಕೆಲಸದಲ್ಲೇ ಬಹಳ ಜನ ಅವಸರ ಮಾಡುವುದು. ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ಹನಿ ತೊಟ್ಟಿಕ್ಕಬಾರದು. ಹನಿಯುವ ಹುಲ್ಲು ತುಂಬಿದರೆ ಚೀಲದ ತಳದಲ್ಲಿ ನೀರು ನಿಂತು ಹುಳಿ ವಾಸನೆ ಬರುತ್ತದೆ, ಹಿಂದೆಯೇ ಹಸಿರು ಬೂಷ್ಟು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅಣಬೆ ಬೀಜವನ್ನು (ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ಎಳೆ) ಬಿಸಿಲು ತಾಗದಂತೆ ತಂದುಕೊಟ್ಟ ಅಣ್ಣನಿಗೆ ಧನ್ಯವಾದ. ಬಿಸಿಗೆ ಬೀಜ ಸಾಯುತ್ತದೆ. 1 ಕೆಜಿ ಒಣಹುಲ್ಲಿಗೆ 100 ಗ್ರಾಂ ಬೀಜ, ಪದರ ಪದರವಾಗಿ, ಅಂಚಿಗೆ ತುಸು ಹೆಚ್ಚು.

ಖಾಲಿ ಕೋಣೆ ಕೊಟ್ಟ ದಂಪತಿ ಕಿಟಕಿಗೆ ಸೊಳ್ಳೆಪರದೆಯನ್ನೂ ಹೊಡೆಸಿದರು. ನೊಣ ಹೊರಗುಳಿಯಿತು, ಗಾಳಿ ಒಳಬಂತು. ಆ ಎಳೆ ಹಬ್ಬಿ ಚೀಲ ಪೂರ್ತಿ ಬೆಳ್ಳಗಾಗುವವರೆಗೆ, ಅಂದರೆ ಎರಡು ಮೂರು ವಾರ, ಕತ್ತಲೆ ಸಾಕು. ಮೊಗ್ಗು ಬರುವ ಹೊತ್ತಿಗೆ ಬೆಳಕು, ಗಾಳಿ ಎರಡೂ ಬೇಕು. ಗಾಳಿಯಿಲ್ಲದಿದ್ದರೆ ಕಾಂಡ ಉದ್ದ, ಕೊಡೆ ಸಣ್ಣ. ತೇವಕ್ಕೆ ಗೋಡೆಗೆ ಒದ್ದೆ ಗೋಣಿ ಕಟ್ಟಿದರಾಯಿತು, ಮೊಗ್ಗಿನ ಮೇಲೆ ನೀರು ಸುರಿಯಬಾರದು. ಕೊಯ್ಯುವಾಗ ಹುಡುಗಿ ಮಾಸ್ಕ್ ಹಾಕಲೇಬೇಕೆಂದು ಹಟ ಹಿಡಿದ ನರ್ಸಮ್ಮನಿಗೆ ವಿಶೇಷ ವಂದನೆ. ಅಣಬೆಯಿಂದ ಹಾರುವ ಪುಡಿಯಂಥ ಬೀಜಕಣ ಉಸಿರಿಗೆ ಸೇರಿದರೆ ಕೆಮ್ಮು ಹಿಡಿಯಬಹುದು.

ಬೆಳಗ್ಗೆ ಕೊಯ್ದದ್ದನ್ನು ಅಂದೇ ಕೊಂಡು, ಅಂದೇ ದುಡ್ಡು ಕೊಡುವ ಮೆಸ್ಸಿನವರು ಇಲ್ಲದಿದ್ದರೆ ಇಷ್ಟೆಲ್ಲ ಬೆಳೆದೂ ವ್ಯರ್ಥವಾಗುತ್ತಿತ್ತು. ಅವರಿಗೆ ತಪ್ಪದೆ ಸಿಗಲೆಂದು ಚೀಲಗಳನ್ನು ಒಂದೇ ದಿನ ತುಂಬದೆ ವಾರಕ್ಕಿಷ್ಟು ಎಂದು ತುಂಬಿಸಿದೆವು. ಪರೀಕ್ಷೆಯ ವೇಳಾಪಟ್ಟಿಯನ್ನು ಮೊದಲೇ ತಿಳಿಸಿದ ಉಪನ್ಯಾಸಕರಿಗೂ ಕೃತಜ್ಞರು. ಕೊಯ್ಲು ಪರೀಕ್ಷೆಯ ವಾರಕ್ಕೆ ಬೀಳದಂತೆ ಸಾಕಷ್ಟು ಮುಂಚೆಯೇ ಹೊಸ ಚೀಲ ತುಂಬುವುದನ್ನು ನಿಲ್ಲಿಸಲು ಅದರಿಂದಲೇ ಸಾಧ್ಯವಾಯಿತು.