ಲೂಪ್ ಹಾಕ್ಕೊಟ್ಟ ಅಣ್ಣನಿಗೆ ಥ್ಯಾಂಕ್ಸ್

ಹೆಸರು ಹಾಕ್ಬೇಡಿ ಅಂದಿದ್ದಾರೆ, ಹಾಕಲ್ಲ, ಆದ್ರೆ ಥ್ಯಾಂಕ್ಸ್ ಹೇಳ್ದೆ ಇರಕ್ಕಾಗಲ್ಲ. ನಮ್ಮ ಸಭಾಭವನದಲ್ಲಿ ತಾಳಮದ್ದಲೆ ಅಂದ್ರೆ ಮುಂದಿನ ಸಾಲೆಲ್ಲ ಹಿರಿಯರೇ, ಇದ್ರಲ್ಲಿ ವೇಷ ಇಲ್ಲ ಕುಣಿತ ಇಲ್ಲ, ಇರೋದು ಭಾಗವತರ ಪದ ಮತ್ತೆ ಅರ್ಥ, ಅಂದ್ರೆ ಪಾತ್ರಧಾರಿಗಳ ಮಾತು, ಆ ಮಾತೇ ಕೇಳಿಸ್ಲಿಲ್ಲ ಅಂದ್ರೆ ಅವ್ರು ಬಂದು ಕೂತು ಏನು ಸುಖ ಹೇಳಿ. ಈ ಅಣ್ಣ ಕುರ್ಚಿಗಳ ಸುತ್ತ ಕಾರ್ಪೆಟ್ ಕೆಳಗೆ ವೈರ್ ಎಳ್ದು ಇಂಡಕ್ಷನ್ ಲೂಪ್ ಹಾಕಿದ್ರು. ಹಿಯರಿಂಗ್ ಏಡ್ ಒಳಗೆ ಟೆಲಿಕಾಯಿಲ್ ಅನ್ನೋ ಪುಟ್ಟ ತಂತಿ ಸುರುಳಿ ಇದ್ರೆ ಟಿ ಮೋಡಿಗೆ ಹಾಕಿದ್ರೆ ಸಾಕು, ವೈರಿನ ಕಾಂತಕ್ಷೇತ್ರನ ಅದು ಹಿಡ್ಕೊಳತ್ತೆ, ಮೈಕಿನ ಮಾತು ಸೀದಾ ಕಿವಿಗೆ, ಫ್ಯಾನ್ ಸದ್ದಿನ ಕಾಟ ಇಲ್ಲ.

ಮೊದ್ಲು ಲೂಪಲ್ಲಿ ಜುಂಯ್ ಅಂತಿತ್ತು. ಲೈಟ್ ಕಮ್ಮಿ-ಜಾಸ್ತಿ ಮಾಡೋ ಡಿಮ್ಮರ್ ವೈರಿನ ಪಕ್ಕದಲ್ಲೇ ಹೋಗಿದ್ದ ಕೇಬಲ್ ಹುಡುಕಿ ದೂರ ಸರಿಸಿದ್ರು. ಮಿಕ್ಸರಿಂದ ಲೂಪಿಗೆ ಮೇನ್ ಔಟ್ (ಹಾಲ್ ಸ್ಪೀಕರಿಗೆ ಹೋಗೋ ಲೈನ್) ಬದ್ಲು ಪ್ರೀ-ಫೇಡರ್ ಆಕ್ಸ್ (ವಾಲ್ಯೂಮ್ ಫೇಡರಿಗಿಂತ ಮೊದ್ಲೇ ತಗೊಳ್ಳೋ ಬೇರೆ ಲೈನ್) ಕೊಟ್ರು, ಹಾಲ್ ವಾಲ್ಯೂಮ್ ಏರಿಳಿಸಿದ್ರೂ ಲೂಪಿಗೆ ತೊಂದ್ರೆ ಇಲ್ಲ, ಲೂಪಲ್ಲಿ ಚೆಂಡೆ ಕಮ್ಮಿ ಮಾಡಿ ಮಾತು ಮುಂದೆ ಇಟ್ರು (ಇದೇ ನನಗೆ ಭಾರಿ ಇಷ್ಟ ಆಗಿದ್ದು). ಟೆಲಿಕಾಯಿಲ್ ಇಲ್ಲದವ್ರಿಗೆ ರಿಸೀವರು, ಹೆಡ್‌ಫೋನು. ದುಡ್ಡು ವೈರಿಂದು ಮಾತ್ರ ತಗೊಂಡ್ರು.

ಅಣ್ಣಾ, ದೊಡ್ಡ ಉಪಕಾರ ಆಯ್ತು, ಮುಂದಿನ ಕೂಟಕ್ಕೆ ಮನೆಯವ್ರನ್ನೂ ಕರ್ಕೊಂಡು ಬನ್ನಿ.