ಬೆಟ್ಟ ಇಳಿಯುವಾಗ ಜೋಪಾನ

ಮಾನ್ಯರೆ,

ಕಾರ್ತಿಕದ ಚಳಿ ಶುರುವಾಯಿತೆಂದರೆ ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ ದಾರಿಗಳಲ್ಲಿ ಅರವತ್ತು ದಾಟಿದವರ ನಡಿಗೆ, ಓಟ ಜೋರಾಗುತ್ತದೆ. ಒಳ್ಳೆಯದೇ. ಆದರೆ ಹತ್ತುವಾಗ ಏದುಸಿರಿಗೆ ಹೆದರುವವರು ಇಳಿಯುವಾಗ ಮೈಮರೆಯುತ್ತಾರೆ. ಮಂಡಿಗೆ ಪೆಟ್ಟು ಬೀಳುವುದು ಅಲ್ಲೇ.

ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಮರುದಿನದ ನೋವಿಗೆ ಕಾರಣ ಅದೇ. ಹೆಜ್ಜೆ ಚಿಕ್ಕದಿರಲಿ, ಮಂಡಿ ತುಸು ಬಾಗಿರಲಿ. ಊರುಗೋಲು ಸಮತಟ್ಟಿನಲ್ಲಿ ಮೊಣಕೈ 90 ಡಿಗ್ರಿ ಬಾಗುವಷ್ಟು ಎತ್ತರವಿದ್ದರೆ, ಇಳಿಯುವಾಗ 5ರಿಂದ 10 ಸೆಂ.ಮೀ. ಉದ್ದ ಮಾಡಿಕೊಳ್ಳಬೇಕು. ಇಳಿಯುವ ಮುನ್ನ ಶೂ ಲೇಸನ್ನು ಕಣಕಾಲಿನ ಹತ್ತಿರ ಬಿಗಿದರೆ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗದು. ಇಬ್ಬನಿ ಬಿದ್ದ ನುಣುಪು ಬಂಡೆಯ ಮೇಲೆ ಸವೆದ ಶೂ ಜಾರುತ್ತದೆ, ಜೋಪಾನ.

ಚಳಿಗೆ ರಕ್ತನಾಳ ಕುಗ್ಗಿ ಬಿಪಿ ಏರುತ್ತದೆ. ಹಾಗಾಗಿ ಮೊದಲ 10 ನಿಮಿಷ ಸಮತಟ್ಟಿನಲ್ಲಿ ನಿಧಾನ ನಡಿಗೆ, ಆಮೇಲೆ ಏರು. ಮಾತನಾಡಲಾಗದಷ್ಟು ಉಸಿರು ಕಟ್ಟಿದರೆ ವೇಗ ಇಳಿಸಿ. ಎದೆ ಹಿಡಿದುಕೊಂಡರೆ ಅಲ್ಲೇ ಕೂತು ನೆರವು ಕೇಳಿ, ‘ಗ್ಯಾಸ್’ ಎಂದು ತಳ್ಳಿಹಾಕಬೇಡಿ (ನಮ್ಮಲ್ಲಿ ಎಲ್ಲ ನೋವಿಗೂ ಗ್ಯಾಸೇ ಕಾರಣ!). ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ.

ಜೋಗಿಮಟ್ಟಿ ಕರಡಿ, ಚಿರತೆಗಳ ಕಾಡು. ಬೆಳಕು ಹರಿಯುವ ಮುನ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬರೇ ಓಡುವುದು ಸಲ್ಲ.

ಕೋಟೆಯ ಕಡಿದಾದ ಮೆಟ್ಟಿಲುಗಳ ಬಳಿ, ಸ್ಮಾರಕಕ್ಕೆ ಧಕ್ಕೆಯಾಗದಂತೆ, ಹಿಡಿಕಂಬಿ ಹಾಕುವ ಬಗ್ಗೆ ಸಂಬಂಧಪಟ್ಟ ಇಲಾಖೆ ಯೋಚಿಸಲಿ.

– ಹಿರಿಯ ಚಾರಣಿಗರು, ಚಿತ್ರದುರ್ಗ