ಕಾನೂನಿನಲ್ಲಿರುವುದು, ನಡೆಯುತ್ತಿರುವುದು: ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಒಂದು ದೇಶದ ಬಗ್ಗೆ ‘ಇದಕ್ಕೆ ಅಲ್ಲಿ ನಿಷೇಧವಿದೆಯೇ?’ ಎಂದು ನಮ್ಮ ಗುಂಪಿನಲ್ಲಿ ಯಾರಾದರೂ ಕೇಳಿದರೆ ಒಬ್ಬರು ‘ಇದೆ’ ಎನ್ನುತ್ತೀರಿ, ಇನ್ನೊಬ್ಬರು ‘ಎಲ್ಲರೂ ಮಾಡುತ್ತಿದ್ದಾರಲ್ಲ’ ಎನ್ನುತ್ತೀರಿ. ಅಲ್ಲಿಂದ ಜಗಳ ಶುರು. ಇಬ್ಬರ ಮಾತೂ ನಿಜವಿರಬಹುದು.

ಪಶ್ಚಿಮ ಆಫ್ರಿಕಾದ ದೇಶವಾದ ಮಾರಿಟಾನಿಯಾ ಗುಲಾಮಗಿರಿಯನ್ನು 1981ರಲ್ಲೇ ರದ್ದುಮಾಡಿತು. ಆದರೆ ಗುಲಾಮರನ್ನು ಇಟ್ಟುಕೊಂಡವರನ್ನು ಶಿಕ್ಷಿಸುವ ಕಾನೂನು ಬಂದದ್ದು 2007ರಲ್ಲಿ. ನಡುವಿನ 26 ವರ್ಷ ಒಡೆಯನ ಮನೆಯಲ್ಲಿ ಕೂಲಿಯಿಲ್ಲದೆ ನೀರು ಹೊತ್ತ ಹೆಂಗಸಿಗೆ ‘ನೀನು ಸ್ವತಂತ್ರಳು’ ಎಂಬ ಆದೇಶದಿಂದ ಸಿಕ್ಕಿದ್ದೇನು? ಒಡೆಯನನ್ನು ಶಿಕ್ಷಿಸಲು ಕಾನೂನೇ ಇರಲಿಲ್ಲ. ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಶ್ರೀಲಂಕಾದಲ್ಲಿ ಇದರ ತಿರುಗುಮುರುಗು. ಮರಣದಂಡನೆ ಕಾನೂನಿನಲ್ಲಿದೆ, ನ್ಯಾಯಾಲಯಗಳು ಅದನ್ನು ವಿಧಿಸಿಯೂ ಇವೆ. 1976ರ ನಂತರ ಯಾರನ್ನೂ ಗಲ್ಲಿಗೇರಿಸಿಲ್ಲ. ಹಾಗೆಂದು ಶಿಕ್ಷೆಗೊಳಗಾದ ಕೈದಿ ನೆಮ್ಮದಿಯಿಂದ ನಿದ್ದೆ ಮಾಡುತ್ತಾನೆ ಎಂದು ನಾನು ನಂಬುವುದಿಲ್ಲ.

ಆದ್ದರಿಂದ ವಿನಂತಿ. ಇನ್ನು ಮುಂದೆ ಉತ್ತರದಲ್ಲಿ ‘ನಿಯಮ ಹೀಗಿದೆ’, ‘ನಡೆಯುವುದು ಹೀಗೆ’ ಎಂದು ಎರಡು ಸಾಲು ಇರಲಿ. ನಿಯಮವಾದರೆ ಕಾಯ್ದೆಯ ಹೆಸರು, ವರ್ಷ ಹಾಕಿ. ರೂಢಿಯಾದರೆ ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಂಬುದನ್ನು ತಿಳಿಸಿ. ಮುಖ್ಯವಾಗಿ, ‘ಯಾರೂ ಹಿಡಿಯುವುದಿಲ್ಲ, ಮಾಡಿ’ ಎಂದು ಯಾರಿಗೂ ಧೈರ್ಯ ತುಂಬಬೇಡಿ. ವರ್ಷಗಟ್ಟಲೆ ಮೂಲೆ ಸೇರಿದ್ದ ಕಾಯ್ದೆಯನ್ನು ಒಂದು ದಿನ ಒಬ್ಬರ ಮೇಲಷ್ಟೇ ಹೊರತೆಗೆಯುವುದುಂಟು, ಹೆಚ್ಚಾಗಿ ಕೈಲಾಗದವರ ಮೇಲೆ. ಆಗ ಠಾಣೆಯ ಮೆಟ್ಟಿಲು ಹತ್ತುವವರು ಕೇಳಿದವರು, ಹೇಳಿದ ನಾವಲ್ಲ.

ನನ್ನ ಹಳೆಯ ಉತ್ತರಗಳನ್ನು ಈ ವಾರ ತಿದ್ದಿ ಹಾಕುತ್ತೇನೆ. ನೀವೂ ಒಮ್ಮೆ ನೋಡಿಕೊಳ್ಳಿ.